ದೂರಪಾತದ ಬಾಣ: ವಾಸಿಷ್ಠ ಧನುರ್ವೇದದ ಶರಪ್ರಕರಣವನ್ನು ಕುರಿತು

ನಮ್ಮ ಪ್ರಾಚೀನ ಕಾವ್ಯಗಳನ್ನು ಪಾಠ ಹೇಳುವಾಗ ಬಾಣವಾಚಕವಾದ ಶಬ್ದವೊಂದು ಬಂದೊಡನೆ ‘ಬಾಣ’ ಎಂದು ಅರ್ಥ ಬರೆಯಿಸಿ ಮುಂದಕ್ಕೆ ಸಾಗುವುದು ರೂಢಿಯಾಗಿದೆ. ಶರವೂ ಬಾಣ, ನಾರಾಚವೂ ಬಾಣ, ನಾಲೀಕವೂ ಬಾಣ. ಅಂಬು, ಸರಲ್, ಕಣೆ, ಕೋಲ್ ಇವೂ ಬಾಣವೇ. ಕಾವ್ಯದ ರಸಕ್ಕೆ ಇದರಿಂದ ಅಷ್ಟಾಗಿ ಕುಂದು ಬಾರದೆಂದು ಹೇಳಬಹುದು. ಆದರೆ ಕಾವ್ಯವನ್ನು ಬಿಟ್ಟು ಶಾಸ್ತ್ರವನ್ನು ಓದತೊಡಗಿದಾಗ ಈ ಅಭ್ಯಾಸವು ನಮ್ಮನ್ನು ಅನರ್ಥಕ್ಕೆ ಗುರಿಮಾಡುತ್ತದೆ. ಧನುರ್ವೇದದ ಗ್ರಂಥಗಳಲ್ಲಿ ಬಾಣದ ದ್ರವ್ಯವನ್ನೂ ಆಕಾರವನ್ನೂ ಅದು ಮುಟ್ಟುವ ದೂರವನ್ನೂ ಒಂದಕ್ಕೊಂದು ಕೂಡಿಸಿ ಹೇಳಿರುವ ಮಾತುಗಳು ಕೆಲವಿವೆ. ಇವುಗಳಲ್ಲಿ ಒಂದನ್ನು ಬರಿಯ ಚಮತ್ಕಾರವೆಂದು ತಳ್ಳಿಬಿಡುವುದುಂಟು; ಇನ್ನೊಂದನ್ನು ಬಂದೂಕವೆಂದು ಕೊಂಡಾಡುವುದುಂಟು. ಎರಡೂ ಸರಿಯಲ್ಲವೆಂದೂ, ಎರಡಕ್ಕೂ ಮೂಲವು ಬಾಣದ ಕಾಂಡವನ್ನು ಕುರಿತ ನಮ್ಮ ಉಪೇಕ್ಷೆಯೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಬಾಣದ ಅಲಗಿನ ವಿಷಯದಲ್ಲಿ ಈ ಉಪೇಕ್ಷೆಯಿಲ್ಲ. ಅರ್ಧಚಂದ್ರ, ಕ್ಷುರಪ್ರ, ಭಲ್ಲ, ವತ್ಸದಂತ ಮುಂತಾದ ಹತ್ತು ಬಗೆಯ ಅಲಗುಗಳನ್ನು ಶಾಸ್ತ್ರವು ಎಣಿಸುತ್ತದೆ. ಕವಿಗಳೂ ಅವುಗಳನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ನಮ್ಮ ಅಧ್ಯಾಪಕರೂ ಅವುಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ಕತ್ತರಿಸುವುದು ಅಲಗಿನ ಕೆಲಸ, ಕತ್ತರಿಸುವುದು ಕಣ್ಣಿಗೆ ಕಾಣುತ್ತದೆ. ಹಾರುವುದು ಕಾಂಡದ ಕೆಲಸ. ಅದನ್ನು ಕಾಣುವವರು ಕಡಮೆ.

ಆದರೂ ನಮ್ಮ ಕೋಶಗಳಲ್ಲಿ ಹಾರಾಟದ ನೆನಪು ಉಳಿದಿದೆ. ಅಮರಸಿಂಹನು ಕೊಡುವ ಬಾಣಪರ್ಯಾಯಗಳಲ್ಲಿ ಅಜಿಹ್ಮಗವೆಂದರೆ ಸೊಟ್ಟನಾಗಿ ಹೋಗದೆ ಇರುವುದು, ಆಶುಗವೆಂದರೆ ಬೇಗ ಹೋಗುವುದು, ಖಗವೆಂದರೆ ಆಕಾಶದಲ್ಲಿ ಹೋಗುವುದು, ಪತ್ರಿಯೆಂದರೆ ಗರಿಯುಳ್ಳದ್ದು, ಶರವೆಂದರೆ ಲಾಳದ ಜಾತಿಯ ಹುಲ್ಲಿನ ಕಡ್ಡಿ. ನೆಟ್ಟಗೆ ಹೋಗುವಷ್ಟು ಬಿಗುವು, ವೇಗಕ್ಕೆ ತಕ್ಕ ಲಘುತ್ವ, ದಾರಿ ತಪ್ಪದಂತೆ ಹಿಂದೆ ಗರಿ, ಇವೆಲ್ಲಕ್ಕೂ ಆಧಾರವಾಗಿ ಒಂದು ದ್ರವ್ಯ. ಪರ್ಯಾಯಪದಗಳೆಂದು ನಾವು ಬಾಯಿಪಾಠ ಮಾಡುವ ಈ ಹೆಸರುಗಳು ಒಂದೇ ವಸ್ತುವಿನ ಬೇರೆ ಬೇರೆ ಗುಣಗಳನ್ನು ಹೇಳುತ್ತಿವೆಯೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಿದರೆ ಕೋಶವೂ ಅವರಿಗೆ ಅಷ್ಟು ಶುಷ್ಕವಾಗಿ ತೋರಲಾರದು.

ವಸಿಷ್ಠನ ಹೆಸರಿನಲ್ಲಿ ಪ್ರಚಲಿತವಾಗಿರುವ ಧನುರ್ವೇದಸಂಹಿತೆಯ ಕಾಲವನ್ನು ನಿಷ್ಕರ್ಷಿಸುವುದು ಇಲ್ಲಿ ನಮ್ಮ ಕೆಲಸವಲ್ಲ. ಅದರ ಬಹುಭಾಗವು ಕ್ರಿ. ಶ. 1363ರಲ್ಲಿ ಸಂಕಲಿತವಾದ ಶಾರ್ಙ್ಗಧರಪದ್ಧತಿಯ ಧನುರ್ವೇದಭಾಗದೊಡನೆ ಹೊಂದಿಕೊಳ್ಳುತ್ತದೆ. ಆದುದರಿಂದ ಎರಡಕ್ಕೂ ಸಮಾನವಾದ ಮಾತುಗಳಾದರೂ ಆ ವರ್ಷಕ್ಕಿಂತ ಈಚಿನವಲ್ಲ. ಪದ್ಧತಿಯನ್ನು ಪೀಟರ್ ಪೀಟರ್ಸನ್ನರು 1888ರಲ್ಲಿ ಮುಂಬಯಿಯಲ್ಲಿ ಅಚ್ಚುಹಾಕಿಸಿದರು. ಇಷ್ಟು ಸಾಕು.

ಶರಪ್ರಕರಣದಲ್ಲಿ ಮೊದಲು ಕಡ್ಡಿಯ ಆಯ್ಕೆ. ಬಹಳ ದಪ್ಪವಾದುದು, ಬಹಳ ತೆಳುವಾದುದು, ಕೆಟ್ಟ ನೆಲದಲ್ಲಿ ಬೆಳೆದುದು, ಗೆಣ್ಣು ಕುಂದಿದುದು, ಸೀಳಿದುದು ಇವು ತ್ಯಾಜ್ಯ. ಗೆಣ್ಣು ತುಂಬಿದ, ಚೆನ್ನಾಗಿ ಬಲಿತ, ಬಿಳುಪೇರಿದ, ತಕ್ಕ ಕಾಲದಲ್ಲಿ ಕೊಯ್ದು ತಂದ, ಗಟ್ಟಿಯಾದ, ದುಂಡಾದ, ಒಳ್ಳೆಯ ನೆಲದ ಕಡ್ಡಿ ಗ್ರಾಹ್ಯ. ಬಲಿಯುವಿಕೆಯನ್ನು ಹೇಳುವ ಮೊದಲ ಮಾತಿನಲ್ಲಿ ಪದಚ್ಛೇದವನ್ನು ‘ನ ಅಪಕ್ವಂ’ ಎಂದೇ ಮಾಡಬೇಕು. ಹಾಗಲ್ಲದೆ ಬಲಿತುದನ್ನು ಬಿಡಬೇಕೆಂದು ಅರ್ಥಮಾಡಿದರೆ ಚೆನ್ನಾಗಿ ಬಲಿತುದನ್ನು ತೆಗೆದುಕೊಳ್ಳಬೇಕೆಂಬ ಮುಂದಿನ ಮಾತಿಗೆ ನೇರವಾದ ವಿರೋಧ ಬರುತ್ತದೆ. ವ್ಯಾಕರಣವು ಎರಡಕ್ಕೂ ಎಡೆಗೊಡುವಾಗ ತೀರ್ಪು ಹೇಳತಕ್ಕವನು ಬಿಲ್ಲಾಳು. ಬಲಿಯದ ಕಡ್ಡಿ ಒಣಗುವಾಗ ಸುಕ್ಕಿ ಡೊಂಕಾಗುತ್ತದೆ. ಅದನ್ನು ಕಾಸಿ ನೆಟ್ಟಗೆ ಮಾಡಿದರೂ ತೇವ ತಾಗಿದರೆ ಮತ್ತೆ ತನ್ನ ಸೊಟ್ಟಕ್ಕೆ ತಿರುಗುತ್ತದೆ.

ಗೆಣ್ಣು ತುಂಬಿರಬೇಕೆಂಬ ನಿಯಮವು ಇನ್ನೂ ಸೂಕ್ಷ್ಮವಾದುದು. ನಯವಾಗಿ ಕಾಣಬೇಕಾದರೆ ಗೆಣ್ಣಿಲ್ಲದ ಕಡ್ಡಿಯನ್ನು ಆರಿಸಬೇಕಲ್ಲವೇ ಎಂದು ಕೇಳಬಹುದು. ಹೆದೆಯ ಹೊಡೆತವನ್ನು ತಿಂದ ಬಾಣವು ಬಿಲ್ಲನ್ನು ಬಿಡುವ ಕ್ಷಣದಲ್ಲಿ ಬಳುಕುತ್ತದೆ. ಪೊಳ್ಳಾದ ನಳಿಗೆಯು ಬಳುಕುವಾಗ ಅದರ ದುಂಡು ಚಪ್ಪಟೆಯಾಗಲು ಹವಣಿಸುತ್ತದೆ, ಚಪ್ಪಟೆಯಾದೊಡನೆ ಮುರಿಯುತ್ತದೆ. ಒಳಗೆ ಅಡ್ಡಗೋಡೆಯಂತಿರುವ ಗೆಣ್ಣು ಇದನ್ನು ತಡೆಯುತ್ತದೆ, ಸೀಳು ಒಂದು ತುದಿಯಿಂದ ಇನ್ನೊಂದಕ್ಕೆ ಹರಿಯದಂತೆಯೂ ಹಿಡಿಯುತ್ತದೆ. ಶಾಸ್ತ್ರಕಾರನು ಕಾರಣವನ್ನು ಹೇಳಿಲ್ಲ; ನಿಯಮವನ್ನು ಮಾತ್ರ ಹೇಳಿದ್ದಾನೆ. ನಮ್ಮ ಶಾಸ್ತ್ರಗಳ ರೀತಿಯೇ ಇದು. ಕಾರಣವನ್ನು ಶಿಷ್ಯನು ಗುರುವಿನ ಬಳಿ ಕೈಯಾರೆ ಕಲಿಯುತ್ತಿದ್ದನು. ಆ ಪರಂಪರೆ ಕಡಿದ ಮೇಲೆ ನಿಯಮವು ಶ್ಲೋಕದಲ್ಲಿ ಒಂಟಿಯಾಗಿ ಉಳಿಯಿತು.

ಬಾಣದ ಉದ್ದವು ಎರಡು ಮೊಳಕ್ಕೆ ಒಂದು ಮುಷ್ಟಿ ಕಡಮೆ, ದಪ್ಪವು ಕಿರುಬೆರಳಿನಷ್ಟು. ಮೊಳವನ್ನು ಹದಿನೆಂಟು ಇಂಚೆಂದು ಹಿಡಿದರೆ ಸುಮಾರು 33 ಇಂಚಿನ ಬಾಣವಾಗುತ್ತದೆ. ಹಂಸ, ಕ್ರೌಂಚ, ನವಿಲು, ಹದ್ದು ಮುಂತಾದ ಹಕ್ಕಿಗಳ ಗರಿ. ಒಂದೊಂದು ಬಾಣಕ್ಕೂ ನಾಲ್ಕು ಗರಿ. ಗರಿಯ ಅಳತೆ ಆರಂಗುಲ, ಕೊಂಬಿನ ಬಿಲ್ಲಾದ ಶಾರ್ಙ್ಗಕ್ಕಾದರೆ ಹತ್ತಂಗುಲ. ಇದು ಕಾಳಗದ ಬಾಣ, ಗುರಿಗೆ ನಡೆಯುವ ಬಾಣ. ಇಷ್ಟು ಉದ್ದದ ನಾಲ್ಕು ಗರಿಗಳು ಬಾಣವನ್ನು ಬೇಗ ನೆಟ್ಟಗೆ ಮಾಡುತ್ತವೆ. ಅಷ್ಟೇ ಬೇಗ ಗಾಳಿಯಲ್ಲಿ ಅದರ ವೇಗವನ್ನೂ ತಿಂದುಬಿಡುತ್ತವೆ. ಬರಿಯ ದೂರವನ್ನೇ ಬಯಸಿ ಎಸೆಯುವವನು ಇಂಥ ಗರಿಯನ್ನು ಕಟ್ಟಲಾರನು.

ಹಾಗಾದರೆ ಶಾಸ್ತ್ರಕ್ಕೆ ದೂರದ ಲಕ್ಷ್ಯವಿಲ್ಲವೇ? ಇದೆ. ಬಾಣಗಳು ಸ್ತ್ರೀ, ಪುರುಷ, ನಪುಂಸಕವೆಂದು ಮೂರು ತೆರ. ಮುಂದುಗಡೆ ದಪ್ಪವಾದುದು ಸ್ತ್ರೀ, ಹಿಂದುಗಡೆ ದಪ್ಪವಾದುದು ಪುರುಷ, ಉದ್ದಕ್ಕೂ ಸಮನಾದುದು ನಪುಂಸಕ. ನಪುಂಸಕವು ಗುರಿಯ ಅಭ್ಯಾಸಕ್ಕೆ ಪ್ರಶಸ್ತ. ಪುರುಷವು ದೃಢವಾದುದನ್ನು ಭೇದಿಸುತ್ತದೆ. ಸ್ತ್ರೀಯು ದೂರಕ್ಕೆ ಬೀಳುತ್ತದೆ. ಓದುಗರು ಸಾಮಾನ್ಯವಾಗಿ ಕೈಬಿಡುವ ಮಾತು ಇದೇ. ಲಿಂಗತ್ರಯವನ್ನು ಕಂಡೊಡನೆ ಇದು ವ್ಯಾಕರಣದ ಗೀಳು, ರತ್ನಪರೀಕ್ಷೆಯಲ್ಲಿಯೂ ವೃಕ್ಷಾಯುರ್ವೇದದಲ್ಲಿಯೂ ಬರುವಂಥ ವರ್ಗೀಕರಣದ ಚಪಲ ಎಂದು ಅವರು ತೀರ್ಮಾನಿಸುತ್ತಾರೆ. ಹೆಸರುಗಳು ಚಮತ್ಕಾರವಾಗಿರಬಹುದು. ಹೆಸರಿನ ಕೆಳಗಿರುವ ವಸ್ತುವನ್ನು ನೋಡಬೇಕಾದರೆ ನಾವು ಸ್ವಲ್ಪ ಹೊತ್ತು ಇಸ್ತಾಂಬುಲಿಗೆ ಹೋಗಿಬರಬೇಕು.

ಬಾಣವನ್ನು ಎಷ್ಟು ದೂರ ಎಸೆಯಬಹುದೆಂಬುದನ್ನೇ ಒಂದು ವಿದ್ಯೆಯಾಗಿ ಬೆಳೆಸಿ ಅಳತೆಯೊಡನೆ ದಾಖಲೆಯನ್ನು ಇಟ್ಟವರಲ್ಲಿ ಉಸ್ಮಾನಿ ತುರ್ಕರು ಅಗ್ರಗಣ್ಯರು. 1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಗೆದ್ದ ಎರಡನೆಯ ಮಹಮ್ಮದನು ಆ ನಗರದ ಬಳಿ ಬಿಲ್ಲುಗಾರರಿಗಾಗಿ ಬಿಟ್ಟುಕೊಟ್ಟ ಬಯಲು ಓಕ್‌ಮೈದಾನ. ‘ಓಕ್’ ಎಂದರೆ ಬಾಣ. ಅಲ್ಲಿ ಬಿಲ್ಲುಗಾರರಿಗೆ ಮಠವೂ ಗುರುಪರಂಪರೆಯೂ ಇದ್ದುವು. ದಾಖಲೆಯನ್ನು ಮೀರಿದ ಬಾಣವು ಬಿದ್ದ ಎಡೆಯಲ್ಲಿ ಕಲ್ಲು ನಿಲ್ಲಿಸಿ ಹೆಸರು ಕೆತ್ತುತ್ತಿದ್ದರು. ನಮ್ಮ ವೀರಗಲ್ಲುಗಳು ಸತ್ತವನ ನೆನಪಿಗೆ ನಿಂತವು. ಅವು ಬಾಣದ ನೆನಪಿಗೆ ನಿಂತವು. ಅವರ ಅಳತೆಯಾದ ಗೆಝ್ ಸುಮಾರು 66 ಸೆಂಟಿಮೀಟರು. ನಮ್ಮ ಮೂರಡಿಯ ಗಜಕ್ಕೂ ಅದಕ್ಕೂ ಫಾರ್ಸಿಯ ಒಂದೇ ಶಬ್ದವು ಮೂಲವೆಂದು ತೋರುವುದರಿಂದ ಓದುಗರು ಮೋಸಹೋಗಬಾರದು. ಹದಿನಾರನೆಯ ಶತಮಾನದ ತೊಝ್‌ಕೊಪಾರನ್ ಇಸ್ಕಂದರನದೆಂದು ಹೇಳುವ ದೂರವು 1281½ ಗೆಝ್, ಎಂದರೆ ಸುಮಾರು 846 ಮೀಟರು. ಅಭ್ಯಾಸಿಯು ಬಿಲ್ಲುಗಾರರ ಬಳಗಕ್ಕೆ ಸೇರಬೇಕಾದರೆ ‘ಪಿಶ್ರೆವ್’ ಎಂಬ ಲಘುಬಾಣವನ್ನು 900 ಗೆಝ್ ದೂರಕ್ಕೆ ಎಸೆದು ತೋರಿಸಬೇಕಾಗಿದ್ದಿತು.

ಈ ವಿದ್ಯೆಯ ಸಾರವನ್ನು ಸುಲ್ತಾನ ಎರಡನೆಯ ಮಹಮೂದನ ಆಜ್ಞೆಯಿಂದ ಮುಸ್ತಫಾ ಕಾನಿ ಎಂಬವನು ಸಂಗ್ರಹಿಸಿದನು. ಆ ಸುಲ್ತಾನನು ತಾನೇ ಬಿಲ್ಲುಗಾರನಾಗಿದ್ದನು. ಗ್ರಂಥವು 1847ರಲ್ಲಿ ಅಚ್ಚಾಯಿತು. ಯೋಆಖಿಂ ಹೈನನು ಅದನ್ನು 1925–26ರಲ್ಲಿ ಜರ್ಮನ್ ಭಾಷೆಗೆ ತಂದನು. ಅಮೆರಿಕದ ಭೌತವಿಜ್ಞಾನಿಯಾದ ಪಾಲ್ ಕ್ಲಾಪ್‌ಸ್ಟೆಗ್ ಹೈನನ ಕೃತಿಯನ್ನು ಬಹುವಾಗಿ ಅವಲಂಬಿಸಿ 1934ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಬರೆದನು. ಇವರಿಗಿಂತ ಮೊದಲೇ, 1907ರಲ್ಲಿ, ಸರ್ ರಾಲ್ಫ್ ಪೇನ್-ಗಾಲ್ವೆ ತುರ್ಕಿಯ ಬಿಲ್ಲನ್ನು ಕುರಿತು ಬರೆದಿದ್ದನು. ಅವನ ಗುಣವೇನೆಂದರೆ ಓದಿದ್ದನ್ನು ಬರೆದುದಲ್ಲದೆ ಬಿಲ್ಲನ್ನು ಕೈಯಲ್ಲಿ ಹಿಡಿದು ಬಾಣವನ್ನು ತೂಕಮಾಡಿ ನೋಡಿದನು. 1905ರಲ್ಲಿ ಫ್ರಾನ್ಸಿನ ಲ ಟೂಕೆಯಲ್ಲಿ ತಾನೇ 367 ಗಜ ಎಸೆದನು. ತುರ್ಕಿ ರಾಯಭಾರಿಯ ಕಾರ್ಯದರ್ಶಿಯಾದ ಮಹಮೂದ್ ಎಫೆಂದಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಗಾಳಿಯ ಕೂಡೆ ಎಸೆದ 482 ಗಜವನ್ನೂ ಅವನೇ ನಮಗೆ ನೆನಪುಮಾಡಿಕೊಟ್ಟನು. ಕ್ಲಾಪ್‌ಸ್ಟೆಗ್ಗನ ವಿವರಣೆಯು ಹೆಚ್ಚು ಶಾಸ್ತ್ರೀಯವಾದುದು. ಆದರೆ ಸಾಮಗ್ರಿಯ ವಿಷಯದಲ್ಲಿ ಪೇನ್-ಗಾಲ್ವೆಯ ಒಣ ಅಂಕಿಗಳೇ ನಮಗೆ ಹೆಚ್ಚು ಪ್ರಯೋಜನಕರ.

ಅವನು ಅಳೆದ ದೂರಪಾತದ ಬಾಣವು 25½ ಇಂಚು ಉದ್ದ. ತೂಕ 7 ಡ್ರಾಂ, ನಮ್ಮ ಲೆಕ್ಕದಲ್ಲಿ ಒಂದು ತೊಲಕ್ಕಿಂತ ಒಂದಿಷ್ಟು ಹೆಚ್ಚು. ಗರಿಗಳು 2½ ಇಂಚು ಉದ್ದ, ಕಾಲು ಇಂಚು ಎತ್ತರ. ಮೊನೆಗೆ ಕಬ್ಬಿಣವಿಲ್ಲ, ದಂತ. ಕಾಂಡವು ಹದವಾಗಿ ಒಣಗಿಸಿದ ಪೈನ್ ಜಾತಿಯ ಮರದ್ದು. ನಡುವೆ ದಪ್ಪವಾಗಿ ಎರಡು ಕಡೆಗೂ ಸಣ್ಣಗಾಗುತ್ತ ಹೋಗುತ್ತದೆ. ತೂಗಿ ಹಿಡಿದರೆ ಹಿಳುಕಿನಿಂದ 12 ಇಂಚಿನಲ್ಲಿ ಸಮವಾಗಿ ನಿಲ್ಲುತ್ತದೆ, ಎಂದರೆ ನಟ್ಟನಡುವಿಗಿಂತ ಮುಕ್ಕಾಲು ಇಂಚು ಹಿಂದಕ್ಕೆ. (ಈ ಜಾತಿಯ ಮರಕ್ಕೆ ಸಂಸ್ಕೃತದಲ್ಲಿ ಸರಲವೆಂದು ಹೆಸರು. ನಮ್ಮ ಸರಲ್ ಶಬ್ದಕ್ಕೂ ಇದಕ್ಕೂ ನಂಟು ಕಟ್ಟುವ ಆಶೆಯು ಯಾರಿಗಾದರೂ ಹುಟ್ಟೀತು; ಧ್ವನಿಸಾಮ್ಯದ ಈ ಇಳಿಜಾರಿನಲ್ಲಿ ನಾವು ಕಾಲಿಡುವುದಿಲ್ಲ.)

ತುರ್ಕರು ಲಾಳವನ್ನೂ ಬಲ್ಲವರು. ಬಲ್ಲವರಾಗಿದ್ದೂ ದೂರಕ್ಕೆ ಪೈನನ್ನು ಏಕೆ ಆರಿಸಿದರು? ಪೊಳ್ಳಾದ ಕಡ್ಡಿಯೇ ಲಘುವಲ್ಲವೇ? ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಬೇಕಾಗುತ್ತದೆ. ಒಂದೇ ಸಾಂದ್ರತೆಯ ದ್ರವ್ಯದಿಂದ, ಒಂದೇ ತೂಕಕ್ಕೆ, ಗಟ್ಟಿಯಾದ ಕೋಲೊಂದನ್ನೂ ಒಳವ್ಯಾಸವು ಹೊರವ್ಯಾಸದ ಹತ್ತರಲ್ಲಿ ಆರು ಪಾಲಾಗಿರುವ ನಳಿಗೆಯೊಂದನ್ನೂ ಮಾಡಿದೆವೆನ್ನೋಣ. ನಳಿಗೆಯ ದಪ್ಪವು ಕೋಲಿನ ಒಂದೂಕಾಲು ಪಟ್ಟಾಗುತ್ತದೆ. ಬಾಗದಿರುವ ಬಿಗುವು ಎರಡು ಪಟ್ಟಿಗೂ ಮೀರುತ್ತದೆ. ಬಿಗುವಿನಲ್ಲಿ ನಳಿಗೆಗೆ ಜಯ. ಆದರೆ ಗಾಳಿಗೆ ಒಡ್ಡುವ ಮುಖದ ವಿಸ್ತಾರವು ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಹತ್ತಿರದ ಗುರಿಗೆ ಈ ನಷ್ಟವು ಲೆಕ್ಕಕ್ಕಿಲ್ಲ. ಆರೇಳುನೂರು ಗಜ ಹೋಗಬೇಕಾದ ಬಾಣಕ್ಕೆ ಹೆಜ್ಜೆಹೆಜ್ಜೆಗೂ ಕೊಡಬೇಕಾದ ಸುಂಕವಿದು. ತುರ್ಕರು ಸಪುರವಾದ ಮರವನ್ನು ಆರಿಸಿ, ಬಿಗುವಿನಲ್ಲಿ ಆದ ಕೊರತೆಯನ್ನು ಬಾಣದ ಉದ್ದವನ್ನು ತಗ್ಗಿಸಿ ತುಂಬಿಕೊಂಡರು. ಗಿಡ್ಡಾದಷ್ಟೂ ಕೋಲು ಬಾಗುವುದು ಕಷ್ಟ. ಹೀಗೆ ಗಿಡ್ಡಾದ ಬಾಣವನ್ನು ಪೂರ್ತಿಯಾಗಿ ಸೆಳೆದಾಗ ಅದರ ಮೊನೆಯು ಬಿಲ್ಲಿನ ಹೊಟ್ಟೆಯಿಂದ ಒಳಕ್ಕೆ ಬಂದು ಕೈಗೆ ನಾಟುವ ಅಪಾಯವಿದೆಯಷ್ಟೆ. ಅದಕ್ಕಾಗಿ ಎಡಗೈಯ ಮೇಲೆ ‘ಸಿಪೆರ್’ ಎಂಬ ತೋಡುಳ್ಳ ಪಟ್ಟಿಯನ್ನು ಕಟ್ಟಿಕೊಂಡು ಬಾಣವನ್ನು ಅದರೊಳಗೆ ಜಾರಿಸುತ್ತಿದ್ದರು. ದ್ರವ್ಯ, ಆಕಾರ, ಉದ್ದ, ಉಪಕರಣ ಈ ನಾಲ್ಕೂ ಒಂದರ ಕೈಯನ್ನೊಂದು ಹಿಡಿದಿರುವುದನ್ನು ವಾಚಕರು ಗಮನಿಸಬೇಕು. ಲಘುತ್ವಕ್ಕೂ ಒಂದು ಮೇರೆಯುಂಟು. ಬಾಣವು ತೀರ ಹಗುರವಾದರೆ ಬಿಲ್ಲು ತನ್ನ ಬಲವನ್ನೆಲ್ಲ ಅದಕ್ಕೆ ಒಪ್ಪಿಸಲಾರದೆ ತನ್ನ ಕೊಂಬುಗಳಲ್ಲಿಯೇ ಅದುರಿ ಕಳೆದುಕೊಳ್ಳುತ್ತದೆ. ಇಂದಿನ ದೂರಪಾತದ ಆಟಗಾರರು ಮರ ಲಾಳಗಳೆರಡನ್ನೂ ಮೀರಿ ಕಾರ್ಬನ್ನಿನ ಎಳೆಯ ಸಪುರವಾದ ಬಾಣವನ್ನು ಬಳಸುತ್ತಿರುವುದೂ ಇದೇ ನ್ಯಾಯವನ್ನನುಸರಿಸಿಯೇ: ಸಣ್ಣದರಲ್ಲಿ ಹೆಚ್ಚು ಬಿಗುವು.

ಈಗ ಸ್ತ್ರೀಬಾಣಕ್ಕೆ ಹಿಂತಿರುಗೋಣ. ಮರವನ್ನು ಹೆರೆದು ಬೇಕಾದ ಆಕಾರಕ್ಕೆ ತರಬಹುದು. ಲಾಳದ ಕಡ್ಡಿಗೆ ಆ ಸೌಲಭ್ಯವಿಲ್ಲ. ಅದರ ಬಲವೆಲ್ಲ ಹೊರಗಿನ ಸಿಪ್ಪೆಯಲ್ಲಿದೆ, ಸಿಪ್ಪೆಯನ್ನು ಹೆರೆದವನು ಬಲವನ್ನೇ ಹೆರೆದಂತೆ. ಜಪಾನಿನವರು ಬಿದಿರಿನ ಬಾಣವನ್ನು ಹೆರೆದು ಯವದ ಕಾಳಿನಂತೆ ನಡು ಉಬ್ಬಿಸುವುದುಂಟೆಂದು ಆಕ್ಷೇಪಿಸಬಹುದು. ಸತ್ಯ, ಅವರ ಬಿದಿರಿನ ಗೋಡೆಯು ದಪ್ಪವಾದುದು, ಅದೂ ಹೆರೆಯುವುದು ಸ್ವಲ್ಪವೇ. ನಮ್ಮ ಶಾಸ್ತ್ರಕಾರನ ಕೈಯಲ್ಲಿದ್ದುದು ಹುಲ್ಲಿನ ಕಡ್ಡಿ. ಅದಕ್ಕೆ ಬುಡವಿದೆ, ತುದಿಯಿದೆ. ಬುಡವು ದಪ್ಪ, ಅಲ್ಲಿ ಗೋಡೆಯೂ ದಪ್ಪ, ತೂಕವೂ ಹೆಚ್ಚು. ಬಾಣಗಾರನಿಗೆ ಉಳಿದಿರುವ ಸ್ವಾತಂತ್ರ್ಯವೆಂದರೆ ಬುಡವನ್ನು ಮುಂದಕ್ಕೆ ಇಡುವುದೋ ಹಿಂದಕ್ಕೆ ಇಡುವುದೋ ಅಥವಾ ಎರಡು ಕಡೆಯೂ ಸಮನಾದ ತುಂಡನ್ನು ಹುಡುಕುವುದೋ, ಇಷ್ಟೇ. ಆ ಮೂರೇ ಸಾಧ್ಯತೆಗಳು ಶ್ಲೋಕದಲ್ಲಿಯೂ ಇವೆ. ಸ್ತ್ರೀಪುರುಷನಪುಂಸಕವೆಂಬ ತ್ರೈವಿಧ್ಯವು ವ್ಯಾಕರಣದಿಂದ ಬಂದು ಬಾಣದ ಮೇಲೆ ಕುಳಿತುದಲ್ಲ. ಕಡ್ಡಿಯಲ್ಲಿದ್ದ ತ್ರೈವಿಧ್ಯಕ್ಕೆ ವ್ಯಾಕರಣವು ಹೆಸರನ್ನು ಮಾತ್ರ ಕೊಟ್ಟಿತು.

ಬುಡವು ಮುಂದಿದ್ದರೆ ಗುರುತ್ವಕೇಂದ್ರವು ಮುಂದಕ್ಕೆ ಸರಿಯುತ್ತದೆ. ಆಗ ಬಾಣವನ್ನು ನೆಟ್ಟಗಿಡಲು ದೊಡ್ಡ ಗರಿ ಬೇಕಿಲ್ಲ. ಗರಿ ಕಿರಿದಾದಷ್ಟೂ ಗಾಳಿಯ ತಡೆ ಕಿರಿದು. ಹಿಂಭಾಗವು ಸಣ್ಣಗಾಗುತ್ತ ಹೋಗುವುದರಿಂದ ಗಾಳಿಯು ಕಾಂಡವನ್ನು ಬಿಡುವಾಗ ಸುಳಿಯೂ ಕಡಮೆ. ಆದುದರಿಂದ ಕಡ್ಡಿಯ ಬಾಣಗಳೊಳಗೆ ಇದು ದೂರ ಹೋಗತಕ್ಕದ್ದೆಂಬುದು ಅನುಭವಕ್ಕೆ ಒಪ್ಪುವ ಮಾತೇ ಹೊರತು ಕಲ್ಪನೆಯಲ್ಲ. ಪುರುಷಬಾಣದಲ್ಲಿ ಹೆದೆಯ ಹೊಡೆತ ಬೀಳುವ ಕಡೆಯೇ ದಪ್ಪ. ಬಲವಾದ ಬಿಲ್ಲನ್ನು ಅದು ತಾಳುತ್ತದೆ, ಸಪುರವಾದ ಮುಂಭಾಗವು ಅಲಗು ಮಾಡಿದ ಗಾಯದೊಳಗೆ ಸಲೀಸಾಗಿ ನುಗ್ಗುತ್ತದೆ. ದೃಢಭೇದನಕ್ಕೆ ಕಾರಣ ಇದೆಂದು ಊಹಿಸಬಹುದು.

ತುರ್ಕಿಯ ಬಾಣದ ಸಮತೂಕವು ನಡುವಿಗಿಂತ ಹಿಂದಿದೆಯಲ್ಲ, ಅದು ಸ್ತ್ರೀಬಾಣಕ್ಕೆ ವಿರುದ್ಧವಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಮೊನೆಯು ಬಹಳ ಭಾರವಾದ ಬಾಣವು ಇಳಿಯುವ ದಾರಿಯಲ್ಲಿ ಬೇಗ ತಲೆಬಾಗುತ್ತದೆಯೆಂಬುದನ್ನು ಬಲ್ಲ ತುರ್ಕರು ತೂಕವನ್ನು ಹಿಂದಕ್ಕೆ ತಂದರು. ಆದರೆ ಅಷ್ಟು ಹಿಂದಕ್ಕೆ ತರಬಹುದಾದದ್ದು ಮರವನ್ನು ಕೂದಲೆಳೆಯಷ್ಟು ಹೆರೆದು ಪ್ರತಿಯೊಂದು ಬಾಣವನ್ನೂ ತೂಗಿ ತಿದ್ದುವ ಸೌಕರ್ಯವಿದ್ದುದರಿಂದ. ಶಾಸ್ತ್ರವು ಮೂರು ತೆರದ ಕಡ್ಡಿಗಳನ್ನು ತಮ್ಮತಮ್ಮೊಳಗೆ ಹೋಲಿಸುತ್ತಿದೆ. ಜಗತ್ತಿನ ಎಲ್ಲ ಬಾಣಗಳನ್ನೂ ಹೋಲಿಸುತ್ತಿಲ್ಲ. ಅದರ ‘ದೂರ’ವು ಓಕ್‌ಮೈದಾನದ ದೂರವೂ ಅಲ್ಲ.

ಈ ಕಡೆಯ ಮಾತಿಗೆ ಗ್ರಂಥದಲ್ಲಿಯೇ ಆಧಾರವಿದೆ. ಲಕ್ಷ್ಯವನ್ನು ನಿಲ್ಲಿಸುವ ದೂರವನ್ನು ಹೇಳುವಾಗ ಶರಕ್ಕೆ 60 ಧನುಸ್ಸು ಉತ್ತಮ, 40 ಮಧ್ಯಮ, 20 ಕನಿಷ್ಠವೆಂದೂ ನಾರಾಚಕ್ಕೆ 40, 30, 16 ಎಂದೂ ಬೇರೆಬೇರೆಯಾಗಿ ವಿಧಿಸಿದೆ. ಧನುಸ್ಸೆಂದರೆ ನಾಲ್ಕು ಮೊಳ. 60 ಧನುಸ್ಸು ಸುಮಾರು 120 ಗಜವಾಯಿತು, 40 ಧನುಸ್ಸು 80 ಗಜ. ಇವು ಗುರಿಯ ದೂರಗಳೇ ಹೊರತು ಎಸೆತದ ಎಲ್ಲೆಯಲ್ಲ. ಇವನ್ನು ಇಸ್ಕಂದರನ 846 ಮೀಟರಿನ ಪಕ್ಕದಲ್ಲಿಟ್ಟು ನಮ್ಮವರು ಸೋತರೆಂದು ಕೊರಗುವುದೂ, ಕಾವ್ಯದಲ್ಲಿ ಬಾಣವು ಹರದಾರಿಗಟ್ಟಲೆ ಹೋದುದನ್ನು ತೋರಿಸಿ ನಮ್ಮವರು ಗೆದ್ದರೆಂದು ಹಿಗ್ಗುವುದೂ ಒಂದೇ ತೆರನ ಅವಿಚಾರ. ಇಲ್ಲಿ ಬೆಲೆಯುಳ್ಳದ್ದು ಆ ಎರಡು ಸಾಲು ಅಂಕಿಗಳ ನಡುವಣ ಅಂತರ. ಬಿಲ್ಲು ಒಂದೇ, ಬಿಲ್ಲಾಳು ಒಬ್ಬನೇ. ಕಡ್ಡಿಯನ್ನು ಬಿಟ್ಟು ಕಬ್ಬಿಣವನ್ನು ಹೂಡಿದೊಡನೆ ಉತ್ತಮ ದೂರವು ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ದ್ರವ್ಯವನ್ನು ನೋಡಿ ದೂರವನ್ನು ಕಟ್ಟಿದ ಶಾಸ್ತ್ರಕಾರನಿಗೆ ಎಲ್ಲವೂ ‘ಬಾಣ’ವಾಗಿರಲಿಲ್ಲ.

ಕೌಟಿಲ್ಯನಿಗೂ ಆಗಿರಲಿಲ್ಲ. ಶ್ರೀ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಅರ್ಥಶಾಸ್ತ್ರದ ಆಯುಧಾಗಾರಾಧ್ಯಾಯದಲ್ಲಿ ಬಿಲ್ಲನ್ನು ತಾಳೆ, ಬಿದಿರು, ಮರ, ಕೊಂಬು ಎಂದು ದ್ರವ್ಯದಿಂದ ವಿಂಗಡಿಸಿದಂತೆಯೇ ಬಾಣವನ್ನೂ ವೇಣು, ಶರ, ಶಲಾಕೆ, ದಂಡಾಸನ, ನಾರಾಚ ಎಂದು ವಿಂಗಡಿಸಿದೆ. ಅಲಗುಗಳು ಕಬ್ಬಿಣ, ಮೂಳೆ, ಮರಗಳವು, ಕಡಿಯಲು, ಸೀಳಲು, ಬಡಿಯಲು. ಉಗ್ರಾಣದ ಅಧಿಕಾರಿಗೆ ಪರ್ಯಾಯಪದಗಳಿಂದ ಉಪಯೋಗವಿಲ್ಲ. ಒಂದೊಂದು ಹೆಸರಿಗೂ ಒಂದೊಂದು ಕೋಣೆ ಬೇಕು. ಬಿಲ್ಲುವಿದ್ಯೆಗೆ ವಿನೋದದ ಮುಖವೂ ನಮ್ಮ ನಾಡಿನಲ್ಲಿದ್ದಿತೆಂಬುದಕ್ಕೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ವಿನೋದಗಳಲ್ಲೆಲ್ಲ ಮೊದಲು ಶಸ್ತ್ರವಿನೋದವನ್ನು ಇಟ್ಟಿರುವುದೇ ಸಾಕ್ಷಿ.

ಇನ್ನು ನಾಲೀಕ. ವಾಸಿಷ್ಠದ ಮಾತಿನ ತಾತ್ಪರ್ಯವು ಇಷ್ಟು: ನಾಲೀಕಗಳು ಲಘುವಾದ ಬಾಣಗಳು, ನಲಯಂತ್ರದಿಂದ ನೂಕಲ್ಪಡುತ್ತವೆ, ಬಲು ಎತ್ತರಕ್ಕೂ ದೂರಕ್ಕೂ ಎಸೆಯಬೇಕಾದಾಗ ಮತ್ತು ದುರ್ಗಯುದ್ಧಗಳಲ್ಲಿ ಉಪಯುಕ್ತ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತದ ಆಚಾರ್ಯರಾಗಿದ್ದ ಗುಸ್ತಾವ್ ಓಪರ್ಟರು 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶುಕ್ರನೀತಿ, ನೀತಿಪ್ರಕಾಶಿಕೆಗಳ ಬಲದಿಂದ ಪ್ರಾಚೀನ ಭಾರತದಲ್ಲಿ ಮದ್ದುಗುಂಡುಗಳು ಇದ್ದುವೆಂದು ವಾದಿಸಿ ನಾಲಿಕವನ್ನು ಬಂದೂಕವೆಂದು ಅರ್ಥಮಾಡಿದರು. ಓಪರ್ಟರ ಪಾಂಡಿತ್ಯವು ದೊಡ್ಡದು, ಅವರು ಹೊರತಂದ ಸಾಮಗ್ರಿಗೆ ನಾವು ಋಣಿಗಳು. ಆದರೆ ಅವರ ಆಧಾರವು ಗಟ್ಟಿಯಾದುದಲ್ಲ. ಮುದ್ರಿತ ಶುಕ್ರನೀತಿಯು ಹತ್ತೊಂಬತ್ತನೆಯ ಶತಮಾನದ ಕೃತಿಯೆಂದು ಲಲ್ಲನ್‌ಜಿ ಗೋಪಾಲರು 1962ರಲ್ಲಿ ವಾದಿಸಿದ ಮೇಲಂತೂ ಅದನ್ನು ಹಿಡಿದು ಪ್ರಾಚೀನತೆಯನ್ನು ಸಾಧಿಸುವುದು ಕಷ್ಟ. ಹೀಗಿದ್ದೂ ಆ ವ್ಯಾಖ್ಯೆಯನ್ನು ವಾಸಿಷ್ಠದ ಮೇಲೆಯೂ ಹೇರುವವರುಂಟು. ಶುಕ್ರನೀತಿಯ ನಾಲಿಕದೊಳಗೆ ಮದ್ದು ಇದೆ. ವಾಸಿಷ್ಠದ ನಾಲೀಕದೊಳಗೆ ಮದ್ದಿನ ಗಂಧವೂ ಇಲ್ಲ, ಅದು ಬಾಯ್ಬಿಟ್ಟು ಬಾಣವೆಂದೇ ಹೇಳಿಕೊಳ್ಳುತ್ತಿದೆ. ಬಾಯಿಂದ ಊದುವ ಕೊಳವೆಯೆಂಬ ಪಕ್ಷವೂ ನಿಲ್ಲದು. ಊದುಗೊಳವೆಯು ಬಲು ದೂರಕ್ಕೂ ಕೋಟೆಯ ಎತ್ತರಕ್ಕೂ ಎಟುಕುವ ಆಯುಧವಲ್ಲ.

ಗಿಡ್ಡ ಬಾಣವನ್ನು ದೊಡ್ಡ ಬಿಲ್ಲಿನಿಂದ ಎಸೆಯಬೇಕಾದವನಿಗೆ ಬರುವ ತೊಡಕನ್ನು ಮೇಲೆ ಹೇಳಿದೆವು. ತುರ್ಕರು ಅದನ್ನು ಸಿಪೆರಿನಿಂದ ಬಿಡಿಸಿಕೊಂಡರು. ಅರಬರೂ ಪಾರಸಿಕರೂ ಬಿಲ್ಲಿಗೆ ಅಡ್ಡಲಾಗಿ ಉದ್ದವಾದ ತೋಡುಗೊಳವೆಯನ್ನು ಹಿಡಿದು ಅದರೊಳಗೆ ಗಿಡ್ಡ ಬಾಣವನ್ನಿಟ್ಟು ಹೆದೆಯಿಂದ ನೂಕಿಸುತ್ತಿದ್ದರು. ಅರಬ್ಬಿಯಲ್ಲಿ ಅದು ‘ಮಜ್ರಾ’, ಫಾರ್ಸಿಯಲ್ಲಿ ‘ನಾವಕ’. ನಬೀಹ್ ಅಮೀನ್ ಫಾರಿಸ್ ಮತ್ತು ರಾಬರ್ಟ್ ಎಲ್ಮರ್ ಇವರು 1945ರಲ್ಲಿ ಪ್ರಿನ್‌ಸ್ಟನ್ನಿನಿಂದ ಅನುವಾದಿಸಿ ಹೊರತಂದ ಅರಬ್ಬಿ ಧನುರ್ವಿದ್ಯಾಗ್ರಂಥದಲ್ಲಿಯೂ, ಲೇಥಮ್ ಮತ್ತು ಪ್ಯಾಟರ್ಸನ್ ಇವರು 1970ರಲ್ಲಿ ಪ್ರಕಟಿಸಿದ ತೈಬುಗಾನ ಗ್ರಂಥದ ಅನುವಾದದಲ್ಲಿಯೂ ಇಂಥ ಉಪಕರಣದ ಪ್ರಸ್ತಾಪವಿದೆ. ನಲಯಂತ್ರವೆಂದರೆ ಕೊಳವೆಯ ಯಂತ್ರ; ಲಘುವೆಂಬುದು ಬಾಣದ ವಿಶೇಷಣ; ನೂಕುವುದು ಕ್ರಿಯೆ; ದೂರ ಮತ್ತು ಎತ್ತರ ಫಲ. ವಾಸಿಷ್ಠದ ಒಂದೊಂದು ಪದಕ್ಕೂ ಮಜ್ರಾದಲ್ಲಿ ಎಡೆಯಿದೆ. ಬಂದೂಕದ ಅರ್ಥದಲ್ಲಿ ‘ಲಘುಬಾಣ’ವೆಂಬ ಪದಕ್ಕೇ ಎಡೆಯಿಲ್ಲ. ಈ ಉಪಕರಣವು ಯಾರಿಂದ ಯಾರಿಗೆ ಬಂದಿತೆಂಬುದು ಬೇರೆಯ ವಿಚಾರ. ಶಾರ್ಙ್ಗಧರನ ಕಾಲಕ್ಕೆ ಉತ್ತರದೇಶದಲ್ಲಿ ತುರುಷ್ಕರ ಬಿಲ್ಲು ಅಪರಿಚಿತವಾಗಿರಲಿಲ್ಲವಾದುದರಿಂದ, ನಾಲೀಕವನ್ನು ವೇದಕಾಲಕ್ಕೆ ಒಯ್ಯುವ ಅವಸರವನ್ನು ಇಲ್ಲಿಯೂ ಬಿಡತಕ್ಕದ್ದು.

ಹೀಗೆ ಬಿಡಿಬಿಡಿಯಾಗಿ ಚದರಿರುವ ಮೂರು ಮಾತುಗಳು, ಎಂದರೆ ಮುಂದುಗಡೆ ದಪ್ಪವಾದ ಕಡ್ಡಿಗೆ ದೂರಪಾತ, ಕಬ್ಬಿಣಕ್ಕೆ ಸಮೀಪದ ಲಕ್ಷ್ಯ, ಕೊಳವೆಯ ಲಘುಬಾಣಕ್ಕೆ ಅತಿದೂರ, ಒಂದೇ ಅನುಭವದ ಮೂರು ತುಣುಕುಗಳು. ಶಾಸ್ತ್ರಕಾರನು ಇವನ್ನು ಒಂದೆಡೆ ಕೂಡಿಸಲಿಲ್ಲವೆಂಬುದು ಗ್ರಂಥದ ದೋಷವೇ ಸರಿ. ಮುಸ್ತಫಾ ಕಾನಿಗೆ ದೂರವೇ ವಿಷಯ, ಉಳಿದುದೆಲ್ಲ ಅಂಗ. ವಾಸಿಷ್ಠಕ್ಕೆ ಯುದ್ಧ ವಿಷಯ, ದೂರವು ಅದರಲ್ಲಿ ಒಂದು ಉಪಯೋಗ. ಕಾನಿಯ ಗ್ರಂಥದ ವಿಸ್ತಾರವನ್ನು ನೋಡಿ ನಮ್ಮ ಗ್ರಂಥವನ್ನು ಹಳಿಯುವವರು ಈ ಭೇದವನ್ನು ಮರೆಯುತ್ತಾರೆ. ಹಾಗೆಂದು ನಮ್ಮ ಗ್ರಂಥವು ಸಂಪೂರ್ಣವೆಂದು ಹೇಳಲಾಗದು. ದೂರಕ್ಕೆ ಎಸೆಯುವ ಸ್ತ್ರೀಬಾಣಕ್ಕೆ ಗರಿಯೆಷ್ಟು, ತೂಕವೆಷ್ಟು ಎಂಬುದನ್ನು ಹೇಳದೆ ಅದು ಮುಂದಿನ ವಿಷಯಕ್ಕೆ ಹಾರುತ್ತದೆ.

ಅಧ್ಯಾಪಕರೂ ಸಂಪಾದಕರೂ ಇದರಿಂದ ಮಾಡಬಹುದಾದುದು ಬಹಳವೇನಿಲ್ಲ. ಅರ್ಥಕೋಶದಲ್ಲಿ ನಾರಾಚಕ್ಕೆ ‘ಇಡಿಯಾಗಿ ಕಬ್ಬಿಣದ ಬಾಣ, ಭಾರವಾದುದು’ ಎಂದು ಬರೆಯಲಿ. ಪಂಪರನ್ನರ ಕಾವ್ಯಗಳಲ್ಲಿ ಈ ಶಬ್ದವು ಬಂದಾಗ ಛಂದಸ್ಸಿಗಾಗಿ ಬಂದಿತೋ ಭಾರವನ್ನು ನೆನೆದು ಬಂದಿತೋ ಎಂದು ಒಮ್ಮೆ ಕೇಳಿಕೊಳ್ಳಲಿ. ಶರಕ್ಕೆ ‘ಲಾಳದ ಜಾತಿಯ ಕಡ್ಡಿಯ ಬಾಣ’ ಎಂದಿರಲಿ, ಸಾಮಾನ್ಯಾರ್ಥವು ಅದರ ಮುಂದೆ ಬರಲಿ. ನಾಲೀಕಕ್ಕೆ ‘ಕೊಳವೆಯ ಮೂಲಕ ಎಸೆಯುವ ಲಘುಬಾಣ’ ಎಂಬುದೇ ಮೊದಲ ಅರ್ಥವಾಗಿ, ತುಪಾಕಿಯು ಈಚಿನ ಗ್ರಂಥಗಳ ಅರ್ಥವೆಂದು ಬೇರೆಯಾಗಿ ನಿಲ್ಲಲಿ. ಧನುರ್ವೇದವನ್ನು ಕನ್ನಡಿಸುವವರು ಸ್ತ್ರೀಬಾಣದ ಶ್ಲೋಕಕ್ಕೆ ಬಂದಾಗ ‘ಮೊನೆಯ ಕಡೆಗೆ ಬುಡವಿರುವ ಕಡ್ಡಿಯ ಬಾಣ’ ಎಂದು ಅಡಿಯಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು.